ಕಡಲಿಗೆ ಬೆನ್ನು ಹಾಕಿ

ಭಾನುವಾರ ಸಂಜೆ ಕಾಪು ಕಡಲತೀರಕ್ಕೆ ಹೋದರೆ ಎಲ್ಲರ ಮುಖವೂ ಪಡುವಣಕ್ಕೆ. ಬಂಡೆಯ ಮೇಲೆ 1901ರ ದೀಪಸ್ತಂಭ, ಸುತ್ತ ಟ್ರೈಪಾಡುಗಳು, ಮೇಲೆತ್ತಿದ ಮೊಬೈಲುಗಳು, ಎದುರಿಗೆ ಮುಳುಗುವ ಸೂರ್ಯ. ಕ್ಯಾಮೆರಾ ಕೊಂಡ ಹೊಸತರಲ್ಲಿ ನಾನೂ ಹಾಗೇ ನಿಂತವನು. ನನ್ನ ಹಾರ್ಡ್ ಡಿಸ್ಕಿನಲ್ಲಿ ಲೆಕ್ಕವಿಲ್ಲದಷ್ಟು ಸೂರ್ಯಾಸ್ತಗಳಿವೆ. ಯಾವುದು ಯಾವ ದಿನದ್ದೆಂದು ನನಗೇ ಗುರುತು ಸಿಗುವುದಿಲ್ಲ.

ಒಂದು ಸಂಜೆ ಲೆನ್ಸಿನ ಮೇಲೆ ಕೂತ ಉಪ್ಪುಹನಿ ಒರೆಸಲು ಗಾಳಿಗೆ ಬೆನ್ನು ಕೊಟ್ಟು ತಿರುಗಿದೆ. ಹರಿದ ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹೆಣೆಯುತ್ತಿದ್ದ ಅಜ್ಜನ ಮುಖ, ಮರಳಿಗೆ ಎಳೆದಿಟ್ಟ ದೋಣಿಯ ನೀಲಿ ಹಲಗೆ, ತೆಂಗಿನ ಬುಡ, ಎಲ್ಲಕ್ಕೂ ಕಿತ್ತಳೆ ಬೆಳಕು ಬಳಿದಿತ್ತು. ನಾವೆಲ್ಲ ದೀಪವನ್ನೇ ನೋಡುತ್ತ, ಅದು ಬೆಳಗಿದ ಕೋಣೆಯನ್ನು ಮರೆತಿದ್ದೆವು.

ಕರಾವಳಿಯ ಹವ್ಯಾಸಿ ಛಾಯಾಗ್ರಾಹಕ ಹುಟ್ಟುವುದು ಇಂಥ ತಿರುವಿನಲ್ಲೇ ಎಂದು ನನ್ನ ನಂಬಿಕೆ. ವಾರವಿಡೀ ಆಫೀಸು, ಶಾಲೆ, ಅಂಗಡಿ ನೋಡಿಕೊಂಡು ರಜೆಯ ನಸುಕಿಗೆ ಬೈಕು ಹತ್ತುವವರ ಹವ್ಯಾಸವಿದು. ದುಬಾರಿ ಕ್ಯಾಮೆರಾಕ್ಕಿಂತ ಇಲ್ಲಿ ಬೇಕಾದದ್ದು ಪಂಚಾಂಗ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಇಳಿತದಲ್ಲಿ ಒದ್ದೆ ಮರಳು ಕನ್ನಡಿಯಾಗುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ, ಹೋದ ಭಾನುವಾರ ಸಿಕ್ಕಿದ ಚಿತ್ರ ಈ ಭಾನುವಾರ ಅದೇ ಹೊತ್ತಿಗೆ ಸಿಗುವುದಿಲ್ಲ. ಮನೆಗೆ ಬಂದ ಮೇಲೆ ಟ್ರೈಪಾಡಿನ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆಯಲೇಬೇಕು. ಸೋಮಾರಿತನಕ್ಕೆ ನಾನು ಒಂದು ಟ್ರೈಪಾಡನ್ನು ತುಕ್ಕಿಗೆ ಕೊಟ್ಟಿದ್ದೇನೆ.

ಬೆಳಗಿನ ಜಾಗವೆಂದರೆ ಮಲ್ಪೆ ಬಂದರು. ರಾತ್ರಿಯ ದೋಣಿಗಳು ಮರಳಿ, ಬೂತಾಯಿ, ಬಂಗುಡೆಯ ಬುಟ್ಟಿಗಳು ಇಳಿದು, ಏಲಂ ಕೂಗು ಏಳುವ ಹೊತ್ತು. ಅಲ್ಲಿ ದಾರಿಗೆ ಅಡ್ಡ ನಿಂತರೆ ಬೈಗುಳ ಖಚಿತ, ಅದು ನ್ಯಾಯವೂ ಹೌದು. ಮಳೆಗಾಲ ಕಳೆದ ಮೇಲೆ ತೀರದಲ್ಲಿ ಕೈರಂಪಣಿ ಸಿಕ್ಕರಂತೂ ಅದೃಷ್ಟ: ದೋಣಿ ಅರ್ಧ ವೃತ್ತದಲ್ಲಿ ಬಲೆ ಬಿಟ್ಟು ಬರುತ್ತದೆ, ಎರಡು ತಂಡಗಳು ಎರಡು ತುದಿಯ ಹಗ್ಗ ಹಿಡಿದು ದಡಕ್ಕೆ ಜಗ್ಗುತ್ತವೆ. ಮೊದಲು ಹಗ್ಗಕ್ಕೆ ಕೈ ಕೊಡಿ, ಆಮೇಲೆ ಕ್ಯಾಮೆರಾ ತೆಗೆಯಿರಿ. ಮುಖಗಳು ಬೇರೆಯೇ ಆಗಿರುತ್ತವೆ.

ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಶಿಲೆಗಳಿಗೆ ಸುಮಾರು 8.8 ಕೋಟಿ ವರ್ಷ ವಯಸ್ಸು. ಲಾವಾ ತಣಿದು ಕುಗ್ಗುವಾಗ ಬಿರಿದ ಐದು, ಆರು ಮೂಲೆಯ ಕಂಬಗಳು. ದೋಣಿ ಓಡುವುದು ಹಗಲಲ್ಲಿ ಮಾತ್ರ, ಅಂದರೆ ಸಿಗುವುದು ನೆತ್ತಿಬಿಸಿಲು. ಬಣ್ಣದ ಆಸೆ ಬಿಟ್ಟು ಕಪ್ಪು ಬಿಳುಪಿನಲ್ಲಿ ಬಿರುಕುಗಳನ್ನಷ್ಟೇ ಹಿಡಿದರೆ ಆ ಬಿಸಿಲೂ ಕೆಲಸಕ್ಕೆ ಬರುತ್ತದೆ.

ಸ್ಫೂರ್ತಿ ಎಲ್ಲಿಂದ ಎಂದು ಕೇಳುವವರಿದ್ದಾರೆ. ನನಗೆ ಮೊದಲ ಗುರು ಫ್ರಾನ್ಸಿನ ಗುಸ್ತಾವ್ ಲ ಗ್ರೇ. 1857ರ ಹೊತ್ತಿಗೆ ಗಾಜಿನ ಫಲಕದಲ್ಲಿ ಕಡಲು ಮೂಡಿದರೆ ಆಕಾಶ ಬಿಳಿಚಿಹೋಗುತ್ತಿತ್ತು. ಆತ ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದ. ಇಂದು ಮೊಬೈಲು ಕಣ್ಣು ಮಿಟುಕಿಸುವುದರಲ್ಲಿ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಎರಡನೆಯದು ಮಾರ್ಟಿನ್ ಮುಂಕಾಚಿ ಆಫ್ರಿಕಾದಲ್ಲಿ ತೆಗೆದ ಒಂದು ಚಿತ್ರ: ಅಲೆಯತ್ತ ಓಡುವ ಮೂವರು ಹುಡುಗರು, ಕಾಣುವುದು ಬೆನ್ನು ಮಾತ್ರ. ಚಿತ್ರಕಾರನಾಗಲು ಹೊರಟಿದ್ದ ಆನ್ರಿ ಕಾರ್ತಿಯೇ ಬ್ರೆಸ್ಸೋನನ್ನು ಕ್ಯಾಮೆರಾದ ಕಡೆಗೆ ತಳ್ಳಿದ್ದು ಈ ಚಿತ್ರವೇ.

ಅಷ್ಟು ದೂರ ಹೋಗಲು ಮನಸ್ಸಿಲ್ಲದವರಿಗೆ ಉಡುಪಿಯ ಮಗ್ಗುಲಿನ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖೆಗಳಿವೆ. ಬಾಗಿದ ಒಂದು ಗೆರೆಯಲ್ಲಿ ಅವರು ಇಡೀ ದೇಹದ ಚಲನೆಯನ್ನು ಹಿಡಿಯುತ್ತಾರೆ. ಅದನ್ನು ನೋಡಿದ ಮೇಲೆ ಹಗ್ಗ ಜಗ್ಗುವವರ ಸಾಲು ನನಗೆ ಗೆರೆಯಾಗಿಯೇ ಕಾಣಿಸತೊಡಗಿತು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಬಂದರಿನಲ್ಲಿ ಒತ್ತೊತ್ತಾಗಿ ನಿಂತ ದೋಣಿಗಳು, ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕೆರಳಿದ ಕಡಲು, ಇನ್ನೊಂದಕ್ಕೆ ಕೆಂಪಗೆ ತುಂಬಿದ ಸೌಪರ್ಣಿಕಾ. ಚಿತ್ರಗಳಿಗೆ ಆಗಲೂ ಬರವಿಲ್ಲ. ಆದರೆ ಆ ಎರಡು ತಿಂಗಳು ಈ ಲೇಖನದ ತಲೆಬರಹವನ್ನು ದಯವಿಟ್ಟು ಮರೆತುಬಿಡಿ. ರಸ್ತೆಯ ಮೇಲಿಂದಲೇ ತೆಗೆಯಿರಿ, ಕಡಲಿಗೆ ಬೆನ್ನು ಹಾಕಬೇಡಿ.