ಹೆಸರಿಗೆ ಕಾನೂನು, ಕಸುಬಿಗೆ ಸಂಘ

ಬಿ.ಆರ್ಕ್. ಮುಗಿಸಿ ಬಂದ ಹುಡುಗ ಹುಡುಗಿಯರನ್ನು "ಸಂಘಕ್ಕೆ ಸೇರಿದಿರಾ?" ಎಂದು ಕೇಳಿದರೆ ಬಹುಮಂದಿಯ ಉತ್ತರ ಒಂದೇ: "ಆಯ್ತು ಸರ್, ಕೌನ್ಸಿಲ್ ನಂಬರ್ ಬಂತು." ಮನೆ ಕಟ್ಟಿಸುವವರೂ ಎರಡೂ ಒಂದೇ ಎಂದುಕೊಂಡಿರುತ್ತಾರೆ. ಎರಡೂ ಬೇರೆ ಬೇರೆ.

ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಿಂದ ಹುಟ್ಟಿದ ಶಾಸನಬದ್ಧ ಸಂಸ್ಥೆ. ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳಬೇಕಾದರೆ ಅದರಲ್ಲಿ ನೋಂದಣಿ ಆಗಲೇಬೇಕು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್, ಅಂದರೆ ಐಐಎ, ಕಸುಬಿನವರು ತಾವಾಗಿ ಕಟ್ಟಿಕೊಂಡ ಸಂಘ. ಸೇರುವುದು ಬಿಡುವುದು ಅವರವರ ಇಷ್ಟ. ವಯಸ್ಸಿನಲ್ಲಿ ಸಂಘವೇ ಹಿರಿಯದು. 1917ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ಅದಕ್ಕೆ ಬುನಾದಿ ಹಾಕಿದರು. ಗೇಟ್‌ವೇ ಆಫ್ ಇಂಡಿಯಾ ರೂಪಿಸಿದ ಜಾರ್ಜ್ ವಿಟ್ಟೆಟ್ ಮೊದಲ ಅಧ್ಯಕ್ಷರು. ಈಗಿನ ಹೆಸರು ಬಂದದ್ದು 1929ರಲ್ಲಿ. ಕರ್ನಾಟಕಕ್ಕೂ ಅದರದೊಂದು ಶಾಖೆಯಿದೆ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. "ಕಾನೂನೇ ಕಾಯುತ್ತಿರುವಾಗ ಸಂಘ ಯಾಕೆ?" ಎಂದು ಕೇಳುತ್ತಾರೆ. ಕಾನೂನು ಕಾಯುವುದು ಏನನ್ನು ಎಂದು ಮೊದಲು ನೋಡಬೇಕು. ಕಾಯ್ದೆಯ 37ನೇ ಕಲಂ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂಬ ಹೆಸರು ಬಳಸುವುದನ್ನು ತಡೆಯುತ್ತದೆ. ವಿನ್ಯಾಸದ ಕೆಲಸ ಮಾಡುವುದನ್ನು ತಡೆಯುವುದಿಲ್ಲ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ನೊಯ್ಡಾ ಪ್ರಾಧಿಕಾರದ ಹುದ್ದೆಗಳ ಪ್ರಕರಣದಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು. ಹಾಗಾದರೆ ಆ ಹೆಸರಿಗೆ ತಕ್ಕ ಬೆಲೆ ತರುವವರು ಯಾರು? ಆ ಹೆಸರು ಹೊತ್ತವರೇ ತರಬೇಕು. ಅದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಕಟ್ಟಿಸಿದ ಮೊದಲ ಮನೆಯಲ್ಲಿ ಒಂದೇ ಮಳೆಗಾಲಕ್ಕೆ ಕಿಟಕಿಯ ಮೇಲಿನ ಗೋಡೆಗೆ ಪಾಚಿಯ ಗೆರೆಗಳು ಇಳಿದವು. ಸಿಮೆಂಟು ಸರಿಯಿಲ್ಲ ಎಂದು ಮೇಸ್ತ್ರಿಯ ಮೇಲೆ ರೇಗಿದೆ. ಆಮೇಲೊಮ್ಮೆ ಸಂಘದವರ ಜೊತೆ ಸೈಟ್ ನೋಡಲು ಹೋದಾಗ ಹಿರಿಯರೊಬ್ಬರು ಸಜ್ಜಾದ ಕೆಳಗೆ ಕೈಯಾಡಿಸಿ, ಅಂಚಿನಿಂದ ತುಸು ಒಳಗೆ ಕೊರೆದಿದ್ದ ಬೆರಳಗಲದ ಗೀರನ್ನು ತೋರಿಸಿದರು. ಮಳೆನೀರು ಸಜ್ಜಾದ ಅಂಚು ದಾಟಿದ ಕೂಡಲೇ ಬಿದ್ದುಬಿಡುವುದಿಲ್ಲ. ಕೆಳಮೈಗೆ ಅಂಟಿಕೊಂಡು ಗೋಡೆಯತ್ತ ಹರಿಯುತ್ತದೆ. ಆ ಗೀರು ಸಿಕ್ಕಿದ ಕಡೆ ದಾರಿ ಕಡಿದು ನೆಲಕ್ಕೆ ತೊಟ್ಟಿಕ್ಕುತ್ತದೆ. ಎಷ್ಟು ಸಣ್ಣ ಗೀರು, ಎಂಥ ಜಾಣ್ಮೆ! ಕಾಲೇಜಿನಲ್ಲಿ ಅದನ್ನು ಗೆರೆ ಎಳೆದು ಕಲಿತಿದ್ದೆ, ಅರ್ಥವಾದದ್ದು ಅಂದು. ಒಬ್ಬರು ಮಳೆಗಾಲ ಕಳೆದು ಕಲಿತದ್ದು ಇನ್ನೊಬ್ಬರಿಗೆ ಒಂದು ಮಧ್ಯಾಹ್ನದಲ್ಲಿ ದಕ್ಕುವುದು, ಇದೇ ಸಂಘದ ಮೊದಲ ಲಾಭ. ಒಪ್ಪಂದಕ್ಕೆ ಏನು ಬರೆಯಬೇಕು, ಫೀಸು ಎಷ್ಟು ಕೇಳಬೇಕು, ಬೇರೊಬ್ಬರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಹೇಗೆ ಕೈಗೆತ್ತಿಕೊಳ್ಳಬೇಕು ಎಂಬುದೂ ಹೀಗೇ ಕೈಯಿಂದ ಕೈಗೆ ದಾಟುತ್ತದೆ.

ಎರಡನೆಯ ಲಾಭ ಕಾಯ್ದೆಯೊಳಗೇ ಇದೆ, ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ. ಕೌನ್ಸಿಲ್‌ನ ರಚನೆಯನ್ನು ಹೇಳುವ 3ನೇ ಕಲಂ ತೆಗೆದು ನೋಡಿ. ಐವರು ಆರ್ಕಿಟೆಕ್ಟರನ್ನು ಐಐಎ ತನ್ನ ಸದಸ್ಯರೊಳಗಿಂದ ಚುನಾಯಿಸಿ ಕಳಿಸಬೇಕು ಎಂದು ಅಲ್ಲಿದೆ. ಶಿಕ್ಷಣದ ಮಟ್ಟ, ನಡತೆಯ ನಿಯಮ ಗೊತ್ತುಮಾಡುವ ಮನೆಯಲ್ಲಿ ಸಂಘಕ್ಕೆ ಐದು ಕುರ್ಚಿಗಳಿವೆ. ಹೊರಗೆ ನಿಂತು ನಿಯಮ ಸರಿಯಿಲ್ಲ ಎಂದು ಗೊಣಗುವವರಿಗೆ ಆ ಬಾಗಿಲು ತೆರೆಯುವುದಿಲ್ಲ.

ಸದಸ್ಯರಾದ ಮಾತ್ರಕ್ಕೆ ಯಾರೂ ಒಳ್ಳೆಯ ಆರ್ಕಿಟೆಕ್ಟ್ ಆಗುವುದಿಲ್ಲ, ನಿಜ. ಚಂದಾ ಕಟ್ಟಿ ಸಭೆಗೆ ಹೋಗದವರಿಗೆ ಉಳಿಯುವುದು ರಸೀದಿ ಮಾತ್ರ. ಹೋಗಬೇಕು, ಕೇಳಬೇಕು, ತನಗೆ ಗೊತ್ತಿರುವುದನ್ನು ಕಿರಿಯರಿಗೆ ಹೇಳಬೇಕು.

ಓದುಗರಲ್ಲಿ ನನ್ನದೊಂದು ಕೋರಿಕೆ. ಕಾಯ್ದೆಯಲ್ಲಿರುವುದು ಬರೀ 45 ಕಲಂಗಳು, ಒಂದು ಸಂಜೆಯ ಓದು. ಈ ಕಸುಬಿನವರಾದರೆ ಅದನ್ನು ಓದಿ ಮುಗಿಸಿ ಸಂಘದ ಮುಂದಿನ ಸಭೆಗೆ ಹೋಗಿ. ಮನೆ ಕಟ್ಟಿಸುವವರಾದರೆ ನಿಮ್ಮ ಆರ್ಕಿಟೆಕ್ಟರ ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ.