ಗ್ರಂಥಪ್ರಕಟಣೆಯಲ್ಲಿ ಪರಿವರ್ತನೆಯೂ ಕಾರ್ಯಯೋಜನೆಯೂ: ಆಕ್ಸ್‌ಫರ್ಡ್ ನಿಘಂಟಿನ ನಿದರ್ಶನ

ಗ್ರಂಥಪ್ರಕಟಣೆಯ ಸಾಧನಗಳು ಬದಲಾಗುವ ಕಾಲದಲ್ಲಿ ಪ್ರಕಾಶನಸಂಸ್ಥೆಗೆ ಎರಡು ಬಗೆಯ ಅಪಾಯಗಳುಂಟು. ಹಳೆಯ ಪದ್ಧತಿಗೇ ಅಂಟಿಕೊಂಡು ಹಿಂದುಳಿಯುವುದು ಒಂದು. ಎಲ್ಲವನ್ನೂ ಏಕಕಾಲದಲ್ಲಿ ಬದಲಿಸಹೊರಟು ಯಾವುದನ್ನೂ ಮುಗಿಸದಿರುವುದು ಇನ್ನೊಂದು. ಇವೆರಡರ ನಡುವೆ ಕಾರ್ಯಯೋಜನೆಯು ಹೇಗೆ ದಾರಿ ತೋರಬಲ್ಲುದೆಂಬುದನ್ನು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಚರಿತ್ರೆಯಿಂದ ಅರಿಯಬಹುದು.

1879ರಲ್ಲಿ ಜೇಮ್ಸ್ ಮರ್ರೆಯವರು ಸಂಪಾದಕತ್ವವನ್ನು ವಹಿಸಿಕೊಂಡಾಗ, ಸುಮಾರು ಹತ್ತು ವರ್ಷಗಳಲ್ಲಿ ನಾಲ್ಕು ಸಂಪುಟಗಳು ಸಿದ್ಧವಾಗುವುವೆಂಬ ಅಂದಾಜಿತ್ತು. ಐದು ವರ್ಷಗಳ ತರುವಾಯ, 1884ರಲ್ಲಿ, ಹೊರಬಂದ ಮೊದಲ ಭಾಗವು ‘ಆಂಟ್’ ಎಂಬ ಶಬ್ದದವರೆಗೆ ಮಾತ್ರ ಸಾಗಿತ್ತು. ಮರ್ರೆಯವರು 1915ರಲ್ಲಿ ತೀರಿಕೊಂಡರು. ಕೆಲಸ ಮುಗಿದುದು 1928ರಲ್ಲಿ. ಇದಕ್ಕೆ ಶ್ರದ್ಧೆಯ ಕೊರತೆ ಕಾರಣವಲ್ಲ. ಪ್ರತಿಯೊಂದು ಶಬ್ದದ ಚರಿತ್ರೆಯನ್ನೂ ಉದಾಹರಣೆಗಳಿಂದ ನಿರ್ಣಯಿಸಹೊರಟಾಗ ಕೆಲಸವು ಬೆಳೆಯುತ್ತಲೇ ಹೋಯಿತು. ಮೊದಲು ಹಾಕಿಕೊಂಡ ಎಲ್ಲೆ ನಿಲ್ಲಲಿಲ್ಲ.

ಕಾರ್ಯಯೋಜನೆಯ ಆಧುನಿಕ ಕ್ರಮಗಳು ರೂಪುಗೊಂಡುದು ಅನಂತರ. 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಕಂಪೆನಿಯಲ್ಲಿ ‘ನಿರ್ಣಾಯಕ ಪಥ’ದ ಕ್ರಮವೂ, 1958ರಲ್ಲಿ ಅಲ್ಲಿಯ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಗಾಗಿ ‘ಪರ್ಟ್’ ಕ್ರಮವೂ ಬಳಕೆಗೆ ಬಂದುವು. ಇವುಗಳ ತತ್ತ್ವ ಸರಳವಾದುದು. ಕೆಲಸವನ್ನು ಬಿಡಿಭಾಗಗಳಾಗಿ ಒಡೆಯಬೇಕು. ಯಾವುದು ಮುಗಿಯದೆ ಯಾವುದು ಆರಂಭವಾಗದೆಂಬುದನ್ನು ಗುರುತಿಸಬೇಕು. ಒಂದರ ಮೇಲೊಂದು ಅವಲಂಬಿಸಿದ ಕೆಲಸಗಳ ಸರಪಣಿಗಳಲ್ಲಿ ಅತಿ ದೀರ್ಘವಾದುದೇ ಒಟ್ಟು ಅವಧಿಯನ್ನು ನಿರ್ಣಯಿಸುತ್ತದೆ. ಆದರೆ ಕೆಲಸದ ಎಲ್ಲೆಯೇ ಸ್ಥಿರವಾಗಿಲ್ಲದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ.

1984ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯವು ನಿಘಂಟನ್ನು ಗಣಕಯಂತ್ರಕ್ಕೆ ಅಳವಡಿಸಲು ಮುಂದಾಯಿತು. ಮೂಲ ನಿಘಂಟಿನ ಜೊತೆಗೆ, 1972ರಿಂದ 1986ರವರೆಗೆ ಹೊರಬಂದ ನಾಲ್ಕು ಸಂಪುಟಗಳ ಪುರವಣಿಯೂ ಇದ್ದುದರಿಂದ ಓದುಗರು ಒಂದೇ ಶಬ್ದವನ್ನು ಎರಡು ಕಡೆ ಹುಡುಕಬೇಕಾಗಿತ್ತು. ಇವೆರಡನ್ನೂ ಒಂದುಗೂಡಿಸುವುದೇ ಗುರಿಯೆಂದು ನಿಶ್ಚಯಿಸಲಾಯಿತು. ಉಚ್ಚಾರಣೆಯ ಚಿಹ್ನೆಗಳನ್ನು ಬದಲಿಸಿ, ಸುಮಾರು 5,000 ಹೊಸ ಶಬ್ದಗಳನ್ನು ಸೇರಿಸಲಾಯಿತು. ಹಳೆಯ ಅರ್ಥವಿವರಣೆಗಳ ಸಮಗ್ರ ಪರಿಷ್ಕರಣವನ್ನು ಮುಂದಕ್ಕೆ ಹಾಕಲಾಯಿತು.

ಮೊದಲ ಘಟ್ಟದಲ್ಲಿ ಅಮೆರಿಕದಲ್ಲಿ ಸುಮಾರು 120 ಮಂದಿ 35 ಕೋಟಿಗೂ ಹೆಚ್ಚು ಅಕ್ಷರಗಳನ್ನು ಯಂತ್ರಕ್ಕೆ ಊಡಿದರು. ಇಂಗ್ಲೆಂಡಿನಲ್ಲಿ 55 ಮಂದಿ ಕರಡನ್ನು ತಿದ್ದಿದರು. ಶಬ್ದ, ವ್ಯುತ್ಪತ್ತಿ, ಅರ್ಥ, ಉದಾಹರಣೆ ಇವುಗಳಿಗೆ ಬೇರೆ ಬೇರೆ ಸಂಕೇತಗಳನ್ನು ಕೊಟ್ಟಿದ್ದುದರಿಂದಲೇ ಜೋಡಣೆಯ ಬಹುಭಾಗವನ್ನು ಯಂತ್ರವು ಮಾಡಬಲ್ಲುದಾಯಿತು. ಉಳಿದುದನ್ನು ಸಂಪಾದಕರು ಸರಿಪಡಿಸಿದರು. 1989ರಲ್ಲಿ, ಗೊತ್ತುಪಡಿಸಿದ ಕಾಲಕ್ಕೆ, 20 ಸಂಪುಟಗಳ ದ್ವಿತೀಯ ಆವೃತ್ತಿ ಪ್ರಕಟವಾಯಿತು.

ಹಳೆಯ ವಿವರಣೆಗಳು ಹಾಗೆಯೇ ಉಳಿದುವೆಂಬ ಆಕ್ಷೇಪವು ನ್ಯಾಯವಾದುದೇ. ಆದರೆ ಅದೇ ಪಠ್ಯದ ಆಧಾರದ ಮೇಲೆ 2000ದಲ್ಲಿ ನಿಘಂಟು ಅಂತರಜಾಲಕ್ಕೆ ಬಂದಿತು. ಮುಂದೂಡಿದ ಪರಿಷ್ಕರಣದ ಫಲವೂ ಆಗಲೇ ಪ್ರಕಟವಾಗತೊಡಗಿತು. ಆ ಕಾರ್ಯ ಇಂದಿಗೂ ನಡೆಯುತ್ತಿದೆ. ಅದು ಮುಗಿಯುವವರೆಗೆ ಕಾದಿದ್ದರೆ ಓದುಗರ ಕೈಗೆ ಏನೂ ಸೇರುತ್ತಿರಲಿಲ್ಲ.

ನಮ್ಮ ವಿಶ್ವವಿದ್ಯಾನಿಲಯಗಳು ತಮ್ಮ ನಿಘಂಟು, ಶಾಸನಸಂಪುಟಗಳನ್ನು ಹೊಸ ಸಾಧನಕ್ಕೆ ಒಯ್ಯುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ. ಈ ಘಟ್ಟದಲ್ಲಿ ಏನನ್ನು ಮಾಡಬೇಕೆಂಬುದರೊಡನೆ ಏನನ್ನು ಮಾಡತಕ್ಕದ್ದಲ್ಲವೆಂಬುದನ್ನೂ ಮೊದಲೇ ಬರೆದಿಡಬೇಕು. ಬಿಟ್ಟ ಕೆಲಸಕ್ಕೆ ಕಾಲವನ್ನೂ ಹೊಣೆಗಾರರನ್ನೂ ಗೊತ್ತುಮಾಡಬೇಕು. ಹಾಗಲ್ಲದಿದ್ದರೆ ಮುಂದೂಡಿಕೆಯು ಮರೆವಾಗಿ ಪರಿಣಮಿಸುತ್ತದೆ.