ಮೆಣಸಿನ ಬಳ್ಳಿ ಸೊರಗಿದರೆ ಯಾರನ್ನು ಕೇಳೋಣ?

ಮಲೆನಾಡಿನಲ್ಲಿ ನಮ್ಮಂಥವರ ಮನೆಯ ಹಿಂದೆ ಒಂದಿಷ್ಟು ಅಡಿಕೆ ಮರ ಇರುತ್ತವೆ. ಮರಕ್ಕೊಂದು ಕಾಳುಮೆಣಸಿನ ಬಳ್ಳಿ. ಕಾಳು ಬಿಡಿಸಿ, ಬಿಸಿಲಿಗೆ ಹರವಿ ಒಣಗಿಸುವವರು ನಾವು ಹೆಂಗಸರೇ. ಮಕ್ಕಳ ಫೀಜು, ಆಸ್ಪತ್ರೆ ಖರ್ಚು ಎಲ್ಲ ಅದರಿಂದಲೇ ನಡೀಬೇಕು.

ಮಳೆಗಾಲದಲ್ಲಿ ಈ ಬಳ್ಳಿಗೆ ಸೊರಗು ರೋಗ ಬರುತ್ತದೆ. ಎಲೆ ಮೇಲೆ ಕಪ್ಪು ಚುಕ್ಕೆ ಏಳುತ್ತದೆ. ಚುಕ್ಕೆ ದೊಡ್ಡದಾಗಿ ಎಲೆ ಉದುರುತ್ತದೆ. ಬುಡಕ್ಕೆ ತಗುಲಿದರೆ ಕೆಲವೇ ವಾರದಲ್ಲಿ ಬಳ್ಳಿ ಸತ್ತೇ ಹೋಗುತ್ತದೆ. ಹತ್ತು ವರ್ಷ ಸಾಕಿದ ಬಳ್ಳಿ!

ಆಗ ನಾವು ಮೊದಲು ಕೇಳುವುದು ಪಕ್ಕದ ಮನೆಯವರನ್ನು. ಅದು ಸರಿಯೇ. ಅವರಿಗೂ ನಮಗೂ ಮಣ್ಣು ಒಂದೇ, ಮಳೆ ಒಂದೇ. ಆಮೇಲೆ ಔಷಧಿ ಅಂಗಡಿಗೆ ಹೋಗುತ್ತೇವೆ. ಅಂಗಡಿಯಣ್ಣ ಕೆಟ್ಟವನೇನಲ್ಲ. ಆದರೆ ಅವನು ನಮ್ಮ ಬಳ್ಳಿ ನೋಡಿಲ್ಲ. ತನ್ನ ಹತ್ತಿರ ಇರೋದನ್ನ ಕೊಡ್ತಾನೆ.

ಬಳ್ಳಿ ಸೊರಗಲು ಕಾರಣ ಒಂದೇ ಅಲ್ಲ. ಮಳೆಯಲ್ಲಿ ಬೇಗ ಸಾಯುವುದು ಒಂದು ರೋಗ. ಮಳೆ ನಿಂತ ಮೇಲೆ ಎಲೆ ಹಳದಿಯಾಗಿ ನಿಧಾನವಾಗಿ ಸೊರಗುವುದು ಇನ್ನೊಂದು. ಅದರಲ್ಲಿ ಬೇರಿಗೆ ಜಂತುಹುಳು ಬಿದ್ದಿರಬಹುದು. ಇದರ ಮದ್ದು ಅದಕ್ಕೆ ಆಗುವುದಿಲ್ಲ.

ಹಾಗಾಗಿ ತಿಳಿದವರಿಗೆ ತೋರಿಸಬೇಕು. ಮೆಣಸು ತೋಟಗಾರಿಕೆ ಬೆಳೆ. ತಾಲೂಕಿನ ತೋಟಗಾರಿಕೆ ಇಲಾಖೆ ಕಚೇರಿಗೆ ಹೋಗಿ. ರೋಗ ಬಂದ ಎಲೆ, ಸ್ವಲ್ಪ ಬೇರು, ಬುಡದ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಹೋಗಿ. ಕೊಡಗಿನವರಿಗೆ ಮಡಿಕೇರಿ ಹತ್ತಿರ ಅಪ್ಪಂಗಳದಲ್ಲಿ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರವೇ ಇದೆ. “ಪಹಣಿ ಗಂಡನ ಹೆಸರಲ್ಲಿದೆ, ನಾನು ಹೆಂಗೆ ಕೇಳಲಿ?” ಅಂತ ಕೆಲವರು ಹಿಂಜರಿಯುತ್ತಾರೆ. ಸಹಾಯಧನಕ್ಕೆ ಪಹಣಿ ಬೇಕು. ಸಲಹೆ ಕೇಳೋಕೆ ಬೇಡ.

ಹೋಗಲು ಆಗದಿದ್ದರೆ ಕಿಸಾನ್ ಕಾಲ್ ಸೆಂಟರಿಗೆ ಫೋನ್ ಮಾಡಿ. ಇದು 2004ರಲ್ಲಿ ಶುರುವಾಯಿತು. ನಂಬರು 1800-180-1551. ದುಡ್ಡು ಬೀಳುವುದಿಲ್ಲ. ಕನ್ನಡದಲ್ಲೇ ಕೇಳಬಹುದು. ರೋಗ ಯಾವಾಗ ಬಂತು, ಎಷ್ಟು ಬಳ್ಳಿಗೆ ಬಂತು, ಏನು ಹೊಡೆದಿದ್ದೀರಿ, ಇಷ್ಟನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅವರು ಹೇಳಿದ ಔಷಧಿ ಹೆಸರು, ಅಳತೆ ಎರಡನ್ನೂ ಅದರಲ್ಲೇ ಬರೆಯಿರಿ. ಅಳತೆ ಮರೆತರೆ ಕಷ್ಟ.

ಮಳೆಗಾಲದ ಸೊರಗು ರೋಗ ಬಾರದ ಹಾಗೆ ಹೊಡೆಯುವುದು ಬೋರ್ಡೋ ದ್ರಾವಣ. ಇದನ್ನು ಮನೆಯಲ್ಲೇ ಮಾಡಬಹುದು. 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. 1 ಕಿಲೋ ಸುಟ್ಟ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ ಸೋಸಿ. ಪ್ಲಾಸ್ಟಿಕ್ ಡ್ರಮ್ಮೇ ಇರಲಿ, ಕಬ್ಬಿಣದ ಪಾತ್ರೆ ಬೇಡ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡಿ. ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಅವತ್ತು ಮಾಡಿದ್ದನ್ನು ಅವತ್ತೇ ಹೊಡೆಯಬೇಕು. ಮುಂಗಾರಿನ ಶುರುವಿನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ.

ಅಂಗಡಿ ಔಷಧಿ ತಂದರೆ ಡಬ್ಬಿ ಮೇಲಿನ ಅಕ್ಷರ ಓದಿ. ಬಣ್ಣದ ಗುರುತನ್ನೂ ನೋಡಿ. ಕೆಂಪು ಇದ್ದರೆ ಎಲ್ಲಕ್ಕಿಂತ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರೂ ವಿಷವೇ, ಸ್ವಲ್ಪ ಕಡಿಮೆ ಅಷ್ಟೆ. ತಾರೀಕು ಮುಗಿದಿದ್ದರೆ ವಾಪಸು ಕೊಡಿ. ಬಿಲ್ಲು ಕೇಳಿ ತಗೊಳ್ಳಿ. ಔಷಧಿ ಖೋಟಾ ಅಂತ ಗೊತ್ತಾದರೆ ದೂರು ಕೊಡಲು ಅದೇ ಬೇಕು.